ಹಿಂಬಾಲಕರ ಬೆಳೆಗೂ ಪ್ರಯೋಗದ ತಾಕು ಬೇಕು

ರೈತರ ಕೈಗೆ ಮೊಬೈಲು ಬಂದ ಮೇಲೆ ಬೇಸಾಯದ ಮಾತು ಹೊಲದ ಬದು ದಾಟಿದೆ. ತಮ್ಮ ಮೆಣಸಿನಕಾಯಿ ಹೊಲವನ್ನೋ, ಹೈನದ ಎಮ್ಮೆಗಳನ್ನೋ ವಿಡಿಯೋ ಮಾಡಿ ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಹಾಕುವ ತರುಣ ತರುಣಿಯರು ಈಗ ಹಳ್ಳಿಗಳಲ್ಲೂ ಇದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ನಮ್ಮನ್ನು ಕಂಡಾಗ ಇವರಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: "ಸಾರ್, ಫಾಲೋವರ್ಸ್ ಜಾಸ್ತಿ ಆಗಬೇಕಾದರೆ ಏನು ಮಾಡಬೇಕು?"

ಬೆಳೆಗೆ ಸಲಹೆ ಕೊಡುವವರ ಬಳಿ ಇದೇನು ಪ್ರಶ್ನೆ ಎನಿಸಬಹುದು. ಆದರೆ ಉತ್ತರ ರೈತನಿಗೆ ಗೊತ್ತಿರುವಂಥದೇ. ಹೊಸ ತಳಿ ಬಂತೆಂದು ಜಾಣ ರೈತ ಇಡೀ ಹೊಲಕ್ಕೆ ಬಿತ್ತುವುದಿಲ್ಲ. ಒಂದು ತಾಕಿನಲ್ಲಿ ಹೊಸದು, ಪಕ್ಕದ ತಾಕಿನಲ್ಲಿ ಹಳೆಯದು ಹಾಕಿ, ನೀರು ಗೊಬ್ಬರ ಸಮನಾಗಿ ಕೊಟ್ಟು, ರಾಶಿಯ ದಿನ ಎರಡನ್ನೂ ತೂಗಿ ನೋಡುತ್ತಾನೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಷರ್ ಅವರು ಈ ಕ್ರಮಕ್ಕೆ ಶಾಸ್ತ್ರದ ರೂಪ ಕೊಟ್ಟರು. ಯಾವ ತಲೆಬರಹಕ್ಕೆ ಹೆಚ್ಚು ಜನ ಬರುತ್ತಾರೆಂದು ಇಂದಿನ ಇಂಟರ್‌ನೆಟ್ ಕಂಪನಿಗಳು ಪರೀಕ್ಷಿಸುವುದೂ ಇದೇ ಹೋಲಿಕೆಯ ಕ್ರಮದಿಂದಲೇ.

ಆದುದರಿಂದ ಮೊದಲ ಸಲಹೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ವಿಡಿಯೋ ಹಾಕುವ ಹೊತ್ತು, ಅದರ ಉದ್ದ, ತಲೆಬರಹ ಈ ಮೂರನ್ನೂ ಒಟ್ಟಿಗೆ ಬದಲಿಸಿದರೆ ಫಲ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಎರಡನೆಯದು: ಒಂದು ವಿಡಿಯೋ ಓಡಿತೆಂದು ತೀರ್ಮಾನಕ್ಕೆ ಬರಬೇಡಿ. ಒಂದು ಹದ ಮಳೆ ಬಿದ್ದ ಮಾತ್ರಕ್ಕೆ ಮುಂಗಾರು ಆಯಿತೆನ್ನಲಾಗದು. ಎಂಟು ಹತ್ತು ವಿಡಿಯೋಗಳಲ್ಲಿ ಹೋಲಿಸಿ ನೋಡಿ. ಮೂರನೆಯದು: ದಿನಾಂಕ, ವಿಷಯ, ಹೊತ್ತು, ನೋಡಿದವರ ಸಂಖ್ಯೆ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ಏನನ್ನು ತೂಗಬೇಕೆಂಬುದೂ ಮುಖ್ಯ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ದೊರೆಯಬೇಕಾದರೆ 1000 ಚಂದಾದಾರರು ಇದ್ದರಷ್ಟೇ ಸಾಲದು. ಹಿಂದಿನ 12 ತಿಂಗಳಲ್ಲಿ ಜನ ಒಟ್ಟು 4000 ಗಂಟೆ ಕಾಲ ಅವರ ವಿಡಿಯೋಗಳನ್ನು ನೋಡಿರಬೇಕು, ಇಲ್ಲವೇ 90 ದಿನಗಳಲ್ಲಿ ಕಿರು ವಿಡಿಯೋಗಳಿಗೆ ಒಂದು ಕೋಟಿ ನೋಟಗಳು ಬಂದಿರಬೇಕು. ಎಂದರೆ ಬಂದವರು ಕೂತು ನೋಡಿದ ಹೊತ್ತಿಗೂ ಬೆಲೆಯುಂಟು. ಹಣ ಕೊಟ್ಟು ಕೊಂಡ ಹಿಂಬಾಲಕರು ಈ ಪರೀಕ್ಷೆಯಲ್ಲಿ ಉಳಿಯುವುದಿಲ್ಲ. ಉಪ್ಪುನೀರಿಗೆ ಹಾಕಿದ ಬಿತ್ತನೆ ಭತ್ತದಲ್ಲಿ ಜೊಳ್ಳು ತೇಲುವಂತೆ ಇವರೂ ತೇಲಿಹೋಗುತ್ತಾರೆ.

ಇಷ್ಟೇ ಆಗಿದ್ದರೆ ಈ ವಿಷಯಕ್ಕೆ ಇಲ್ಲಿ ಸ್ಥಳ ಕೊಡುತ್ತಿರಲಿಲ್ಲ. ನಮಗೆ ಪರಿಚಯದ ತರುಣ ರೈತನೊಬ್ಬ ಇಂಥ ಪ್ರಯೋಗವನ್ನು ಶ್ರದ್ಧೆಯಿಂದಲೇ ಮಾಡಿದ. ಮೆಣಸಿನ ಗಿಡದ ಎಲೆ ಮುಟುರುವಿಕೆಯ ಬಗ್ಗೆ ಎರಡು ವಿಡಿಯೋ ಹಾಕಿದ. ಒಂದರ ತಲೆಬರಹ "ಎಲೆ ಮುಟುರುವಿಕೆ: ಕಾರಣ ಮತ್ತು ಹತೋಟಿ". ಇನ್ನೊಂದರದು "ಒಂದೇ ಸಿಂಪಡಣೆ, ಮುಟುರು ಮಾಯ". ಎರಡನೆಯದೇ ಗೆದ್ದಿತು. ಹಿಂಬಾಲಕರೂ ಏರಿದರು. ಹುಮ್ಮಸ್ಸಿನಲ್ಲಿ ಮುಂದಿನ ವಿಡಿಯೋದಲ್ಲಿ ಔಷಧಿಯ ಪ್ರಮಾಣವನ್ನು ಅಂದಾಜಿನ ಮೇಲೆ "ಎರಡು ಮುಚ್ಚಳ" ಎಂದುಬಿಟ್ಟ. ಕೆಲವೇ ದಿನಗಳಲ್ಲಿ ಬೇರೆ ಜಿಲ್ಲೆಯ ರೈತರೊಬ್ಬರ ಫೋನು ಬಂತು. ಅವರ ಗಿಡಗಳ ಎಲೆ ಸುಟ್ಟಿತ್ತು, ಮುಟುರು ಹಾಗೆಯೇ ಇತ್ತು.

ಮುಟುರುವುದಕ್ಕೆ ಕಾರಣ ಒಂದೇ ಅಲ್ಲ. ಥ್ರಿಪ್ಸ್ ನುಸಿ ಬಿದ್ದರೆ ಎಲೆಯ ಅಂಚು ಮೇಲಕ್ಕೆ ಮಡಚುತ್ತದೆ, ಮೈಟ್ ನುಸಿಯಾದರೆ ಕೆಳಕ್ಕೆ. ಬಿಳಿನೊಣ ಹರಡುವ ನಂಜುರೋಗದಿಂದಲೂ ಎಲೆ ಮುರುಟುತ್ತದೆ, ಹಾಗೆ ರೋಗ ತಗುಲಿದ ಗಿಡವನ್ನು ವಾಸಿಮಾಡುವ ಔಷಧಿಯಿಲ್ಲ. ಮೂರಕ್ಕೂ ಒಂದೇ ಸಿಂಪಡಣೆ ಎಂದರೆ ಅದು ಸುಳ್ಳಾಗದೆ ವಿಧಿಯಿಲ್ಲ. ಗೆದ್ದ ತಲೆಬರಹ ಆ ರೈತರ ಬೆಳೆಯನ್ನು ಸೋಲಿಸಿತು.

ತರುಣ ಆ ಎರಡೂ ವಿಡಿಯೋಗಳನ್ನು ತೆಗೆದುಹಾಕಿ, ತಪ್ಪೇನಾಯಿತೆಂದು ಹೇಳುವ ಹೊಸದೊಂದನ್ನು ಹಾಕಿದ. ಅದನ್ನು ನೋಡಿದವರು ಕಡಿಮೆ. ಆದರೆ ಎಲೆಯ ಫೋಟೋ ಕಳಿಸಿ, "ಇದು ಯಾವ ಬಗೆ?" ಎಂದು ಕೇಳಿದವರು ಅದರ ನಂತರವೇ ಬಂದರು.

ನಮ್ಮ ವಿನಂತಿ ಇಷ್ಟೇ. ಹೇಳುವ ರೀತಿಯಲ್ಲಿ ಏನು ಪ್ರಯೋಗ ಬೇಕಾದರೂ ಮಾಡಿ, ಹೇಳುವ ಸತ್ಯದಲ್ಲಿ ಬೇಡ. ಔಷಧಿಯ ಹೆಸರು, ಯಾವ ಬೆಳೆಗೆ, ಎಷ್ಟು ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಮೊದಲು ಎಂಬುದು ಡಬ್ಬಿಯ ಜೊತೆ ಬರುವ ಚೀಟಿಯಲ್ಲಿದ್ದಂತೆಯೇ ಇರಲಿ. ಆದಾಯ ಹೇಳಿದರೆ ಖರ್ಚನ್ನೂ ಹೇಳಿ. ಬೆಳೆ ಕೈಕೊಟ್ಟ ವರ್ಷವನ್ನೂ ತೋರಿಸಿ. ಬೀಜ ಬದಲಿಸಬಹುದು, ತಕ್ಕಡಿಯನ್ನು ಬದಲಿಸಬಾರದು.

ಹೀಗೆ ಮಾಡಿದರೆ ಜನ ಕೇಳುತ್ತಾರೆಯೇ ಎಂಬ ಸಂಶಯ ಬೇಡ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಆರಂಭವಾದ ಡಿಜಿಟಲ್ ಗ್ರೀನ್ ಯೋಜನೆಯಲ್ಲಿ ಆಯಾ ಸೀಮೆಯ ರೈತರನ್ನೇ ವಿಡಿಯೋದಲ್ಲಿ ತೋರಿಸಲಾಯಿತು. ಊರಿನವರೊಬ್ಬರು ನಡುನಡುವೆ ಚಿತ್ರ ನಿಲ್ಲಿಸಿ, ನೋಡುವವರನ್ನು ಪ್ರಶ್ನೆ ಕೇಳಿ, ಚರ್ಚೆ ನಡೆಸಿದರು. ಆಗ ಹೊಸ ಪದ್ಧತಿಗಳನ್ನು ಅನುಸರಿಸಿದವರ ಪ್ರಮಾಣ ವಾಡಿಕೆಯ ವಿಸ್ತರಣಾ ಕ್ರಮಕ್ಕಿಂತ ಹಲವು ಪಟ್ಟು ಹೆಚ್ಚಾಯಿತು. ಅಲ್ಲಿ ಲೆಕ್ಕ ಹಾಕಿದ್ದು ಎಷ್ಟು ಜನ ನೋಡಿದರೆಂದಷ್ಟೇ ಅಲ್ಲ, ಎಷ್ಟು ಜನ ತಮ್ಮ ಹೊಲದಲ್ಲಿ ಮಾಡಿದರೆಂದು.

ಮುಂಚೆಯೂ ಹೀಗೇ ಆಗಿತ್ತು. 1960ರ ದಶಕದಲ್ಲಿ ತಂಜಾವೂರಿನ ರೈತರು ರೇಡಿಯೋದಲ್ಲಿ ಕೇಳಿ ಬೆಳೆದ ಎಡಿಟಿ 27 ಭತ್ತವನ್ನು 'ರೇಡಿಯೋ ಭತ್ತ' ಎಂದೇ ಕರೆದರು. ಕೇಳುಗರ ಗದ್ದೆಯಲ್ಲಿ ಪೈರು ನಿಂತದ್ದರಿಂದ ಆ ಹೆಸರು ಬಂತು. ಮೊಬೈಲು ಹಿಡಿದ ನಮ್ಮ ತರುಣ ರೈತರೂ ತಮ್ಮ ಫಸಲನ್ನು ಹಿಂಬಾಲಕರ ಹೊಲಕ್ಕೆ ಹೋಗಿ ಅಳೆಯಲಿ.