ಮೂಲ ಸಿಗುವವರೆಗೆ ಫಾರ್ವರ್ಡ್ ಬೇಡ

ಮೊಬೈಲಿಗೆ ಬಂದು ಬೀಳುವ ಸುಳ್ಳುಸುದ್ದಿಗಳಲ್ಲಿ ಬಹಳಷ್ಟು ಪೂರ್ತಿ ಕಟ್ಟುಕಥೆಗಳಲ್ಲ. ಚಿತ್ರ ನಿಜ, ಊರು ಬೇರೆ; ಮಾತು ನಿಜ, ಹಿಂದುಮುಂದಿನದು ಮಾಯ. ಹಾಗಾಗಿಯೇ ಎಷ್ಟು ದಿಟ್ಟಿಸಿ ನೋಡಿದರೂ ಅವು ಸಿಕ್ಕಿಬೀಳುವುದಿಲ್ಲ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಪೋಷಕರ ಗ್ರೂಪುಗಳಲ್ಲಿ ಸುತ್ತುವ ‘ನಾಳೆ ಶಾಲೆಗೆ ರಜೆ’ ಎಂಬ ನಕಲಿ ಆದೇಶ ಇದರ ಸಾಧು ರೂಪ. ಸಹಿ, ಮೊಹರು ಎಲ್ಲ ಅಸಲಿಯೇ. ಹಿಂದೆಂದೋ ಹೊರಡಿಸಿದ ಆದೇಶದಲ್ಲಿ ತಾರೀಕನ್ನಷ್ಟೇ ತಿದ್ದಿರುತ್ತಾರೆ. ಅದರಿಂದ ಆಗುವ ನಷ್ಟ ಹೆಚ್ಚೆಂದರೆ ಒಂದು ದಿನದ ಪಾಠ. ಎಲ್ಲ ಸುಳ್ಳೂ ಇಷ್ಟು ಅಗ್ಗವಲ್ಲ.

ಪಾಕಿಸ್ತಾನದ ಕರಾಚಿಯಲ್ಲಿ ಕಾಣೆಯಾದ ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದು ಜಾಗೃತಿಗಾಗಿ ಒಂದು ವಿಡಿಯೊ ಮಾಡಿಸಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೂಡಲೇ ಹಿಂತಿರುಗಿ ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾರೆ. 2018ರಲ್ಲಿ ಈ ಕೊನೆಯ ಭಾಗವನ್ನು ಕತ್ತರಿಸಿದ ತುಣುಕು, ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆಂಬ ಒಕ್ಕಣೆಯೊಡನೆ ಭಾರತದ ಹಲವು ರಾಜ್ಯಗಳಲ್ಲಿ ಹರಡಿತು. ಅಂಥ ವದಂತಿಗಳ ನಡುವೆ ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಜನ ಬಡಿದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು, ಅಷ್ಟೇ. ಅನುಮಾನಗೊಂಡ ಜನರಿಂದ ತಪ್ಪಿಸಿಕೊಂಡು ಅವರು ಕಾರು ಓಡಿಸಿದರೆ, ಕಾರಿಗಿಂತ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ಮುಂದಿನ ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡಗಟ್ಟಿದ ಗುಂಪಿನ ಹೊಡೆತಕ್ಕೆ ಒಬ್ಬ ಸತ್ತ, ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಬಂಧನಕ್ಕೊಳಗಾದವರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದ. ಮಗುವೊಂದರ ಬಗ್ಗೆ ನಿಜವಾಗಿಯೂ ಅನುಮಾನ ಬಂದರೆ 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡುವುದು ಕ್ರಮ. ಆ ಕೆಲಸವನ್ನು ಗ್ರೂಪು ಮಾಡಲಾರದು.

ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದೆಂಬ ಮಿತಿ ತಂದಿತು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು. ಇಂಥ ಕಡಿವಾಣ ಅದಕ್ಕೂ ಹಳೆಯದು: 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದಾಗ, ಕೇಂದ್ರ ಸರ್ಕಾರ ಸಾಮೂಹಿಕ ಎಸ್ಸೆಮ್ಮೆಸ್‌ಗಳಿಗೆ ಕೆಲ ದಿನ ಮಿತಿ ಹಾಕಿತ್ತು. ಮಿತಿಗಳು ಸುದ್ದಿಯ ಓಟವನ್ನು ನಿಧಾನಿಸುತ್ತವೆ, ನಿಜವೋ ಸುಳ್ಳೋ ಎಂದು ಹೇಳುವುದಿಲ್ಲ. ಹಲವು ಸಲ ಫಾರ್ವರ್ಡ್ ಆಗಿದೆ ಎಂದು ತೋರಿಸುವ ಜೋಡಿ ಬಾಣದ ಗುರುತು ಸಂದೇಶದ ಮೇಲಿದ್ದರೆ, ಅದನ್ನು ಬರೆದವರು ಯಾರೆಂದು ಕಳಿಸಿದವರಿಗೂ ಗೊತ್ತಿರುವ ಸಾಧ್ಯತೆ ಕಡಿಮೆ. ಕಳಿಸಿದ್ದು ಸೋದರಮಾವನೇ ಇರಬಹುದು, ಊರೇ ಗೌರವಿಸುವ ಮೇಷ್ಟ್ರೇ ಇರಬಹುದು. ಅವರ ಪ್ರಾಮಾಣಿಕತೆ ಸಂದೇಶಕ್ಕೆ ಅಂಟಿಕೊಂಡು ಬರುವುದಿಲ್ಲ.

ಪರೀಕ್ಷಿಸುವ ಬಗೆ ಹೇಗೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯತಕ್ಕದ್ದು. ಹತ್ತು ಇತಿಹಾಸಕಾರರು, ಹತ್ತು ವೃತ್ತಿಪರ ಸುದ್ದಿ ಪರಿಶೀಲಕರು ಮತ್ತು 25 ವಿದ್ಯಾರ್ಥಿಗಳಿಗೆ ಕೆಲವು ಜಾಲತಾಣಗಳನ್ನು ತೋರಿಸಿ, ಎಷ್ಟು ನಂಬಬಹುದೆಂದು ಕೇಳಲಾಯಿತು. ಪಂಡಿತರೂ ವಿದ್ಯಾರ್ಥಿಗಳೂ ಪುಟವನ್ನೇ ಮೇಲಿಂದ ಕೆಳಕ್ಕೆ ಓದಿದರು. ಅಂದದ ಲಾಂಛನ, ಗಂಭೀರ ಭಾಷೆಗೆ ಹಲವರು ಮಾರುಹೋದರು. ಪರಿಶೀಲಕರು ಪುಟವನ್ನು ಅಲ್ಲೇ ಬಿಟ್ಟು ಬೇರೆ ಕಿಟಕಿ ತೆರೆದು, ಇದನ್ನು ನಡೆಸುವವರು ಯಾರು, ಇವರ ಬಗ್ಗೆ ಉಳಿದವರು ಏನೆನ್ನುತ್ತಾರೆ ಎಂದು ಹುಡುಕಿದರು. ಕಡಿಮೆ ಓದಿ, ಬೇಗ ಸರಿಯಾದ ತೀರ್ಮಾನಕ್ಕೆ ಬಂದರು. ಹೆಚ್ಚು ಓದಿದವರು ಮೋಸಹೋಗುವುದಿಲ್ಲ ಎಂಬ ನಂಬಿಕೆಗೆ ಇದು ಒಳ್ಳೆಯ ಉತ್ತರ.

ಚಿತ್ರ, ವಿಡಿಯೊಗಳಿಗೂ ಇದೇ ದಾರಿ. ವಿಡಿಯೊದ ಒಂದು ದೃಶ್ಯವನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಅದು ಹಿಂದೆ ಎಲ್ಲೆಲ್ಲಿ ಬಂದಿತ್ತೆಂದು ಎಷ್ಟೋ ಸಲ ತಿಳಿಯುತ್ತದೆ. 2023ರ ನವೆಂಬರ್‌ನಲ್ಲಿ ಕೊಡಗು ಮೂಲದ ನಟಿ ರಶ್ಮಿಕಾ ಮಂದಣ್ಣ ಅವರ ಡೀಪ್‌ಫೇಕ್ ವಿಡಿಯೊ ಹರಡಿತಲ್ಲ, ಅದು ನಕಲಿ ಎಂಬುದಕ್ಕೆ ಗಟ್ಟಿ ಸಾಕ್ಷಿಯಾಗಿ ನಿಂತದ್ದು ಬೇರೊಬ್ಬ ಮಹಿಳೆ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದ ಮೂಲ ವಿಡಿಯೊ. ಕೃತಕ ಬುದ್ಧಿಮತ್ತೆ ದಿನೇದಿನೇ ಪಳಗುತ್ತಿರುವಾಗ, ಕಣ್ಣಳತೆಯ ಪರೀಕ್ಷೆಯನ್ನು ಹೆಚ್ಚು ಕಾಲ ನೆಚ್ಚಿಕೊಳ್ಳಲಾಗದು.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ತೊಡಕಿದೆ. ಒಂದೇ ಸುದ್ದಿಯನ್ನು ಹತ್ತು ಪೋರ್ಟಲ್‌ಗಳು ಒಂದರಿಂದೊಂದು ಎತ್ತಿ ಹಾಕಿಕೊಂಡಿರುತ್ತವೆ. ಹತ್ತು ಕಡೆ ಕಂಡಿತೆಂದು ಹತ್ತು ಸಾಕ್ಷಿ ಸಿಕ್ಕಿದಂತಲ್ಲ. ವರದಿಗಾರನ ಹೆಸರು, ತಾರೀಕು, ಹೇಳಿದವರು ಯಾರೆಂಬ ವಿವರ ಇರುವ ಮೊದಲ ವರದಿಯನ್ನು ಹುಡುಕಬೇಕು. ಚಾಟ್‌ಬಾಟ್‌ಗಳನ್ನು ಕೇಳಿದರೂ ಅಷ್ಟೇ. ಇಲ್ಲದ್ದನ್ನು ಇದೆಯೆಂದು ನಯವಾದ ಕನ್ನಡದಲ್ಲೇ ಹೇಳಬಲ್ಲವು. ಪರೀಕ್ಷೆಯ ವೇಳಾಪಟ್ಟಿ, ಮಳೆಯ ಮುನ್ನೆಚ್ಚರಿಕೆ, ಸಬ್ಸಿಡಿಯ ನಿಯಮಗಳಿಗೆ ಆಯಾ ಇಲಾಖೆಯ ಜಾಲತಾಣವೇ ಮೊದಲ ಆಧಾರ. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯೇ ಎಂದು ನೋಡಿಕೊಂಡರೆ ಎಷ್ಟೋ ನಕಲಿ ಅರ್ಜಿಗಳಿಂದ ಪಾರಾಗಬಹುದು. ಆದರೆ ಸರ್ಕಾರ ಏನು ಆದೇಶ ಮಾಡಿದೆ ಎಂಬುದು ಒಂದು ಪ್ರಶ್ನೆ, ಆ ಕೆಲಸ ನಿಜಕ್ಕೂ ಆಗಿದೆಯೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಸ್ವತಂತ್ರ ಪತ್ರಿಕೆಗಳು, ಲೆಕ್ಕಪರಿಶೋಧನಾ ವರದಿಗಳು, ಮಾಹಿತಿ ಹಕ್ಕಿನ ಅರ್ಜಿಗಳು ಬೇಕು. ತನ್ನ ವಿಷಯದಲ್ಲಿ ಸರ್ಕಾರವೇ ತೀರ್ಪುಗಾರನಾಗಲಾಗದು: ಕೇಂದ್ರ ಸರ್ಕಾರವೇ ತನ್ನ ಬಗೆಗಿನ ಸುದ್ದಿಯನ್ನು ಸುಳ್ಳೆಂದು ತೀರ್ಮಾನಿಸುವ ಘಟಕಕ್ಕೆ ಅವಕಾಶ ಕೊಟ್ಟಿದ್ದ 2023ರ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿತು.

ನಾಗರಿಕರಲ್ಲಿ ಮನವಿ ಇಷ್ಟೇ: ಸಿಟ್ಟು, ಭಯ ಅಥವಾ ಅತಿಯಾದ ಸಂತೋಷ ಹುಟ್ಟಿಸುವ ಸಂದೇಶವನ್ನು ಮೂಲ ಸಿಗುವವರೆಗೆ ತಮ್ಮಲ್ಲೇ ಇಟ್ಟುಕೊಳ್ಳಬೇಕು. ಅಡ್ಮಿನ್‌ಗಳು ಆಧಾರ ಕೇಳುವುದನ್ನು ಗ್ರೂಪಿನ ರೂಢಿಯಾಗಿಸಬೇಕು. ಕೇಳಿದವರನ್ನು ಜಗಳಗಂಟರೆಂದು ಜರೆಯಬಾರದು. ಹಿರಿಯರೊಬ್ಬರು ಸುಳ್ಳು ಹಂಚಿಕೊಂಡಿದ್ದರೆ ಎಲ್ಲರೆದುರು ಹಂಗಿಸುವ ಬದಲು ಅವರಿಗೇ ಫೋನ್ ಮಾಡಿ ತಿಳಿಸುವುದು ಮೇಲು. ತಿದ್ದುಪಡಿಯನ್ನು ಅವರೇ ಹಾಕಲಿ. ಕಳಿಸಿದ ಸಂದೇಶವನ್ನು ಸದ್ದಿಲ್ಲದೆ ಅಳಿಸಿದರೆ ಸಾಲದು. ಅಷ್ಟರಲ್ಲಿ ಓದಿ ನಂಬಿದವರಿಗೆ ಅದು ಸುಳ್ಳೆಂದು ಗೊತ್ತಾಗಬೇಕಾದರೆ, ಕಳಿಸಿದ ಗ್ರೂಪುಗಳಿಗೆಲ್ಲ ಮೂಲದ ಕೊಂಡಿಯ ಸಮೇತ ತಿದ್ದುಪಡಿಯೂ ಹೋಗಬೇಕು.