ಒತ್ತುವರಿಗೆ ಮೌನವೇ ಗೊಬ್ಬರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಕಬ್ಬಿನ ಹೊಲಗಳಲ್ಲಿ ಒತ್ತುವರಿ ಒಂದೇ ದಿನದಲ್ಲಿ ಆಗುವುದಿಲ್ಲ. ಪ್ರತಿ ನಾಟಿಗೆ ಒಂದು ಸಾಲಿನಷ್ಟು ಬದು ಸವೆಯುತ್ತದೆ. ಕಬ್ಬು ಎದೆಮಟ್ಟ ಬೆಳೆದ ಮೇಲೆ ಗಡಿಕಲ್ಲು ಯಾರ ಕಣ್ಣಿಗೂ ಬೀಳದು. ಒಡೆಯರು ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದರಂತೂ ಕೇಳುವವರೇ ಇಲ್ಲ.

ಉತಾರದಲ್ಲಿ ನನ್ನ ಹೆಸರಿದೆ ಎಂಬ ಧೈರ್ಯವೊಂದೇ ಸಾಲದು. 1963ರ ಕಾಲಮಿತಿ ಕಾಯಿದೆಯಂತೆ, ಖಾಸಗಿ ಜಮೀನನ್ನು ಬೇರೊಬ್ಬನು ನಿಮ್ಮ ಹಕ್ಕಿಗೆ ವಿರುದ್ಧವಾಗಿ, ಬಹಿರಂಗವಾಗಿ, ಎಡೆಬಿಡದೆ 12 ವರ್ಷ ಅನುಭವಿಸಿದರೆ ನಿಮ್ಮ ಹಕ್ಕೇ ಅಳಿಯಬಹುದು. ಸರಕಾರಿ ಜಮೀನಿಗಾದರೆ 30 ವರ್ಷ. ಬಡ ರೈತನಿಗಿಂತ ಸರಕಾರಕ್ಕೇ ಹೆಚ್ಚು ಅವಧಿ ಏಕೋ, ನನಗಂತೂ ಸರಿಯೆನಿಸದು. ಆದರೆ ನಿಮ್ಮ ಒಪ್ಪಿಗೆಯಿಂದ ಉಳುತ್ತಿರುವವನು ಬರಿಯ ವರ್ಷಗಳ ಲೆಕ್ಕ ತೋರಿಸಿ ಒಡೆಯನಾಗಲಾರ.

ಹಾಗೆಂದು ಬಡಿಗೆ ಹಿಡಿದು ಹೋಗಬೇಡಿರಿ. ನಿಂತ ಬೆಳೆ ಕಡಿದರೆ ನೀವೇ ಆರೋಪಿಯಾಗುವಿರಿ. ಹದ್ದುಬಸ್ತಿಗೆ ಅರ್ಜಿ ಹಾಕಿ, ಭೂಮಾಪಕರಿಂದ ಅಳೆಯಿಸಿ ನಕಾಶೆ ಪಡೆಯಿರಿ. ಒತ್ತುವರಿ ಕಂಡರೆ ವಕೀಲರಿಂದ ನೋಟೀಸು ಕೊಡಿಸಿರಿ. ಬಗ್ಗದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಸ್ವಾಧೀನಕ್ಕೆ ದಾವೆ ಹೂಡಿರಿ. ನಿಮ್ಮನ್ನು ಯಾರಾದರೂ ಬಲವಂತದಿಂದ ಹೊಲ ಬಿಡಿಸಿದ್ದರೆ 6 ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮಿನಡಿ ದಾವೆ ಹಾಕಬಹುದು. ಅಲ್ಲಿ ಒಡೆತನದ ಪ್ರಶ್ನೆಯೇ ಬರದು, ಹೊಲ ಯಾರ ಕೈಯಲ್ಲಿತ್ತು ಎಂಬುದಷ್ಟೇ ಮುಖ್ಯ. ಈ ಅನುಕೂಲ ಬಹಳ ಜನಕ್ಕೆ ಗೊತ್ತಿಲ್ಲದೆ 6 ತಿಂಗಳು ಪಂಚಾಯ್ತಿಕಟ್ಟೆಯ ಮಾತುಕತೆಯಲ್ಲೇ ಕಳೆದುಹೋಗುತ್ತದೆ.

ಪ್ರತಿ ವರ್ಷ ಉತಾರ ತೆಗೆಸಿ, 12ನೆಯ ಕಾಲಮಿನಲ್ಲಿ ಸಾಗುವಳಿದಾರನೆಂದು ಯಾರ ಹೆಸರಿದೆ ನೋಡಿರಿ. ಬೇರೆ ಹೆಸರು ಕಂಡರೆ ತಹಶೀಲ್ದಾರರಿಗೆ ತಡಮಾಡದೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ.