ನಿತ್ಯೋತ್ಸವಕ್ಕೆ ಐವತ್ತು: ಮೂಲ ಟೇಪು ಯಾರ ಬೀರುವಿನಲ್ಲಿದೆ?

ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಕವನ ಸಂಕಲನ ಅಚ್ಚಾದದ್ದು 1976ರಲ್ಲಿ. ಎರಡೇ ವರ್ಷಕ್ಕೆ, 1978ರಲ್ಲಿ, ಮೈಸೂರು ಅನಂತಸ್ವಾಮಿಯವರ ಸ್ವರ ಸಂಯೋಜನೆಯಲ್ಲಿ ಅದೇ ಹೆಸರಿನ ಕ್ಯಾಸೆಟ್ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾದದ್ದು ಅದೇ. ಕವಿಯೂ ಸಂಯೋಜಕರೂ ಓರಗೆಯವರು, ಇಬ್ಬರೂ 1936ರಲ್ಲಿ ಹುಟ್ಟಿದವರು. ಅನಂತಸ್ವಾಮಿ 1995ರಲ್ಲಿ ತೀರಿಕೊಂಡರು, ನಿಸಾರ್ 2020ರಲ್ಲಿ. ಕ್ಯಾಸೆಟ್ಟಿಗೆ 2028ರಲ್ಲಿ ಐವತ್ತು ತುಂಬುತ್ತದೆ.

ಸಂಗೀತ ಮಾರುವವರ ಪಂಚಾಂಗದಲ್ಲಿ ಐವತ್ತು ದೊಡ್ಡ ಹಬ್ಬ. ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮಿಗೆ 2017ರಲ್ಲಿ ಐವತ್ತಾಯಿತು. ಹಳೆಯ ಟೇಪುಗಳನ್ನು ಹೊರತೆಗೆದು ಹೊಸದಾಗಿ ಮಿಕ್ಸ್ ಮಾಡಿದರು, ಅಂದು ಸ್ಟುಡಿಯೋದಲ್ಲಿ ಕೈಬಿಟ್ಟಿದ್ದ ಟೇಕುಗಳನ್ನು ಸೇರಿಸಿದರು, ದಪ್ಪ ರಟ್ಟಿನ ಪುಸ್ತಕವೊಂದನ್ನು ಇಟ್ಟು ಡೀಲಕ್ಸ್ ಪೆಟ್ಟಿಗೆ ಮಾಡಿದರು. ಬಾಬ್ ಡಿಲನ್ ಅವರದಂತೂ 1991ರಿಂದ ನಡೆದೇ ಇದೆ. ‘ಬೂಟ್‌ಲೆಗ್ ಸೀರೀಸ್’ ಎಂಬ ಮಾಲಿಕೆಯಲ್ಲಿ ಕಂತುಕಂತಾಗಿ ಹಳೆಯ ಸರಕು ಹೊರಬೀಳುತ್ತಿದೆ. ಮುಂದಿನ ಪೆಟ್ಟಿಗೆ ಯಾವ ಆಲ್ಬಮ್ಮಿನದು, ಅದರಲ್ಲಿ ಆ ಒಂದು ಟೇಕು ಇರುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತ, ಕಂಪನಿಯವರನ್ನು ಬೈಯುತ್ತ ಕೂರುವ ಅಭಿಮಾನಿಗಳ ಪಡೆಯೇ ಅಲ್ಲಿದೆ. ಒಂಥರಾ ಸುಖದ ಕಾಯಿಲೆ ಅದು.

ಕನ್ನಡದಲ್ಲೂ ಆ ಕಾಯಿಲೆಯವರು ಇದ್ದಾರೆ. ಅವರಿಗೆ ಬೈಯುವುದಕ್ಕೂ ಪೆಟ್ಟಿಗೆ ಇಲ್ಲ, ಅಷ್ಟೇ.

ಈ ವಿಚಾರದಲ್ಲಿ ಮಂಡ್ಯ ಜಿಲ್ಲೆಯ ಅರಕೆರೆ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಸೀಮೆಯವರಿಗೆ ಮಾತಾಡುವ ಹಕ್ಕು ಒಂದು ತೂಕ ಹೆಚ್ಚೇ ಇದೆ. ಸುಗಮ ಸಂಗೀತ ಎಂಬ ಪ್ರಕಾರಕ್ಕೆ ಮಾತು ಒದಗಿಸಿದವರಲ್ಲಿ ದೊಡ್ಡ ಪಾಲು ಈ ಕಡೆಯವರದು. ಕೆ.ಎಸ್. ನರಸಿಂಹಸ್ವಾಮಿ 1915ರಲ್ಲಿ ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ. ಪು.ತಿ.ನ. ಮೇಲುಕೋಟೆಯವರು, ಸಂಗೀತಕ್ಕೆಂದೇ ‘ಗೋಕುಲ ನಿರ್ಗಮನ’ದಂಥ ಗೀತನಾಟಕ ಬರೆದವರು. ಬಿ.ಎಂ.ಶ್ರೀ. ಅವರ ಹೆಸರಿನ ಮೊದಲಕ್ಷರದಲ್ಲಿರುವುದು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಪುಸ್ತಕವಾಗಿ ಬಂತು, ಲೆಕ್ಕವಿಲ್ಲದಷ್ಟು ಮುದ್ರಣ ಕಂಡಿತು ನಿಜ. ಆದರೆ ಪುಸ್ತಕ ಮುಟ್ಟದ ಮನೆಗಳಿಗೂ ಅದು ಹೋಗಿದ್ದು ರೇಡಿಯೋದಲ್ಲಿ, ಟೇಪ್‌ರೆಕಾರ್ಡರಿನಲ್ಲಿ, ಮದುವೆ ಮನೆಯ ಮೈಕ್‌ಸೆಟ್ಟಿನಲ್ಲಿ. ಮೈಕ್‌ಸೆಟ್ಟಿನವರು ಭಕ್ತಿಗೀತೆಯಿಂದ ಶುರು ಮಾಡಿ ರಾಜಕುಮಾರರ ಹಾಡಿಗೆ ಜಿಗಿಯುವ ನಡುವೆ ಒಂದೆರಡು ಭಾವಗೀತೆ ಹಾಕುತ್ತಿದ್ದ ಕಾಲ ಅದು. ಕವಿ ಯಾರೆಂದು ಗೊತ್ತಿಲ್ಲದವರಿಗೂ ಹಾಡು ಬಾಯಿಗೆ ಬರುತ್ತಿತ್ತು.

ಆ ಹಾಡುಗಳನ್ನು ಕಚೇರಿಯ ಚಾಪೆಯಿಂದ ಎಬ್ಬಿಸಿ ಮೈದಾನಕ್ಕೆ ತಂದವರು ಸಿ. ಅಶ್ವತ್ಥ್. ಕಿಕ್ಕೇರಿಗೆ ದೂರವೇನಲ್ಲದ ಚನ್ನರಾಯಪಟ್ಟಣದಲ್ಲಿ 1939ರ ಡಿಸೆಂಬರ್ 29ರಂದು ಹುಟ್ಟಿದವರು. ಬೆಂಗಳೂರಿನ ಐಟಿಐನಲ್ಲಿ ನೌಕರಿ ಮಾಡುತ್ತಲೇ ಹಾರ್ಮೋನಿಯಂ ಹಿಡಿದವರು. ‘ಕಾಕನಕೋಟೆ’ಯಿಂದ ಸಿನಿಮಾ ಸಂಗೀತಕ್ಕೆ ಬಂದರು. ಎಲ್. ವೈದ್ಯನಾಥನ್ ಜೊತೆ ಸೇರಿ ಅಶ್ವತ್ಥ್-ವೈದಿ ಎಂಬ ಜೋಡಿಯಾದರು. (ಮಂಡ್ಯದ ಕಬ್ಬಿನ ನಾಡಿನವರು ‘ಆಲೆಮನೆ’ ಚಿತ್ರವನ್ನು ಮರೆತರೂ ಅದರ ಹಾಡು ಮರೆತಿಲ್ಲ.) ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’, ‘ಮೈಸೂರು ಮಲ್ಲಿಗೆ’, ‘ನಾಗಮಂಡಲ’ಗಳಿಗೆ ಸಂಗೀತ ಅವರದೇ, ‘ಮೈಸೂರು ಮಲ್ಲಿಗೆ’ ಚಿತ್ರದ ಗೀತೆಗಳಿಗೆ ಕಿಕ್ಕೇರಿಯ ಕವಿಗೆ ರಾಷ್ಟ್ರಪ್ರಶಸ್ತಿ ಬಂತು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2005ರಲ್ಲಿ ‘ಕನ್ನಡವೇ ಸತ್ಯ’ ನಡೆದಾಗ ಜನ ನೆರೆದ ರೀತಿ ನೋಡಿದವರು ಅದನ್ನು ಭಾವಗೀತೆಯ ಕಾರ್ಯಕ್ರಮ ಎನ್ನಲು ಅನುಮಾನಿಸಿದರು. ಕನ್ನಡಕ್ಕೊಬ್ಬ ರಾಕ್ ತಾರೆ ಇದ್ದದ್ದೇ ಹೌದಾದರೆ ಅದು ಗಿಟಾರ್ ಹಿಡಿಯದ, ಕಣ್ಣು ಮುಚ್ಚಿ ಕೈ ಚಾಚಿ ತಾರಸ್ಥಾಯಿಗೆ ಏರುತ್ತಿದ್ದ ಈ ಮನುಷ್ಯ. 2009ರಲ್ಲಿ, ಎಪ್ಪತ್ತು ತುಂಬಿದ ಹುಟ್ಟುಹಬ್ಬದ ದಿನವೇ ಅಶ್ವತ್ಥ್ ಹೋದರು. ಅದೇ ವರ್ಷದ ಜನವರಿಯಲ್ಲಿ ಅನಂತಸ್ವಾಮಿಯವರ ಮಗ, ಗಾಯಕ ರಾಜು ಅನಂತಸ್ವಾಮಿ ಹೋಗಿದ್ದರು.

ಈಗ ಇವರ ಹಾಡು ಕೇಳಬೇಕೆಂದರೆ ಏನು ಸಿಗುತ್ತದೆ? ಯೂಟ್ಯೂಬಿನಲ್ಲಿ ‘ಜ್ಯೂಕ್‌ಬಾಕ್ಸ್’. ಕ್ಯಾಸೆಟ್ಟಿನ ಎರಡೂ ಬದಿ ಸೇರಿಸಿ ಹೊಲಿದ ಒಂದು ಉದ್ದನೆಯ ಫೈಲು, ಮೇಲೊಂದು ಹೂವಿನ ಚಿತ್ರ. ಕವಿಯ ಹೆಸರು ಇದ್ದರೆ ಗಾಯಕಿಯ ಹೆಸರಿಲ್ಲ, ಗಾಯಕಿಯ ಹೆಸರಿದ್ದರೆ ಸಂಯೋಜಕರದು ತಪ್ಪು. ತಬಲಾ ಯಾರು, ಕೊಳಲು ಯಾರು, ಯಾವ ಸ್ಟುಡಿಯೋ, ಯಾವ ವರ್ಷ, ಕೇಳಲೇಬೇಡಿ. ಹಳೆಯ ಕ್ಯಾಸೆಟ್ಟಿನ ಇನ್‌ಲೇ ಕಾರ್ಡಿನಲ್ಲಿ ಸಣ್ಣಕ್ಷರದಲ್ಲಿ ಒಂದಿಷ್ಟಾದರೂ ಇರುತ್ತಿತ್ತು. ಮೊಬೈಲಿಗೆ ಬರುವಾಗ ಅದೂ ಉದುರಿತು.

ಶ್ರುತಿಯ ಕತೆ ಇನ್ನೊಂದು. ಕ್ಯಾಸೆಟ್ಟಿನ ಟೇಪು ನಾಲ್ಕು ಮಿಲಿಮೀಟರಿಗಿಂತ ಕಿರಿದು, ಓಡುವುದು ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ನಿಧಾನ. ಬೆಲ್ಟು ಸಡಿಲವಾದ, ಮೋಟಾರು ಬಿಗಿಯಾದ ಪ್ಲೇಯರಿನಿಂದ ಅದನ್ನು ನಕಲು ಮಾಡಿದರೆ ವೇಗ ಹೆಚ್ಚುಕಡಿಮೆ ಆಗುತ್ತದೆ. ವೇಗ ಶೇಕಡ ಆರರಷ್ಟು ಏರಿದರೆ ಸಾಕು, ಹಾಡು ಅರ್ಧ ಸ್ವರ ಮೇಲಕ್ಕೆ ಹೋಗಿ ಕೂರುತ್ತದೆ. ಅಶ್ವತ್ಥರ ಏರುಧ್ವನಿಯನ್ನು ಅನುಕರಿಸಲು ಹೋಗಿ ಗಂಟಲು ಹರಿದುಕೊಳ್ಳುವ ಸ್ಪರ್ಧೆಯ ಹುಡುಗರು ಕೆಲವೊಮ್ಮೆ ಅನುಕರಿಸುತ್ತಿರುವುದು ಯಾರದೋ ಕೆಟ್ಟ ಟೇಪ್‌ರೆಕಾರ್ಡರನ್ನು ಇರಬಹುದು.

ಇದಕ್ಕೆ ಮದ್ದು ಮೂಲ ಟೇಪು. ಆ ದಿನಗಳ ಸ್ಟುಡಿಯೋ ಟೇಪು ಸಾಮಾನ್ಯವಾಗಿ ಕಾಲು ಇಂಚು ಅಗಲದ್ದು, ಸೆಕೆಂಡಿಗೆ ಹದಿನೈದು ಇಂಚು ಓಡುವಂಥದ್ದು. ಅದರಲ್ಲಿರುವ ವಿವರ ಕ್ಯಾಸೆಟ್ಟಿಗೆ ಎಂದೂ ಇಳಿದಿರುವುದಿಲ್ಲ. ತೊಂದರೆ ಏನೆಂದರೆ, ಎಪ್ಪತ್ತು ಎಂಬತ್ತರ ದಶಕದ ಕೆಲವು ತಯಾರಿಕೆಯ ಟೇಪುಗಳಲ್ಲಿ ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗಟಾಗುತ್ತದೆ. ಹಾಗೇ ಮಷೀನಿಗೆ ಹಾಕಿದರೆ ಪುಡಿ ಕಿತ್ತು ಹೆಡ್ಡಿಗೆ ಮೆತ್ತುತ್ತದೆ, ಹಾಡು ಅಲ್ಲಿಗೆ ಮುಗಿಯಿತು. ಬಲ್ಲವರು ಅಂಥ ಟೇಪನ್ನು ಐವತ್ತು ಡಿಗ್ರಿ ಸೆಲ್ಸಿಯಸ್ ಮೀರಿದ ಹದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿ, ಆಮೇಲೆ ನುಡಿಸಿ, ತಡಮಾಡದೆ ಡಿಜಿಟಲ್ಲಿಗೆ ಇಳಿಸುತ್ತಾರೆ. ಮತ್ತೆ ಮತ್ತೆ ಮಾಡುವ ಕೆಲಸವಲ್ಲ. ಮೂಲವೇ ಇಲ್ಲವಾದರೂ ಈಗ ಪೂರ್ತಿ ಕೈಚೆಲ್ಲಬೇಕಿಲ್ಲ. ಜಾನ್ ಲೆನನ್ ಎಪ್ಪತ್ತರ ದಶಕದ ಕೊನೆಯಲ್ಲಿ ಮನೆಯಲ್ಲೇ ಪಿಯಾನೋ ನುಡಿಸುತ್ತ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ಗೀತೆಯೊಂದರಿಂದ ದನಿಯನ್ನು ಬೇರೆ, ಪಿಯಾನೋವನ್ನು ಬೇರೆ ಮಾಡಿ, ‘ನೌ ಆ್ಯಂಡ್ ದೆನ್’ ಎಂಬ ಬೀಟಲ್ಸ್ ಹಾಡನ್ನು 2023ರಲ್ಲಿ ಹೊರತಂದರು. ಹಾರ್ಮೋನಿಯಂ, ತಬಲಾ, ದನಿ ಎಲ್ಲ ಒಂದರಲ್ಲೇ ಬೆರೆತಿರುವ ನಮ್ಮ ಧ್ವನಿಮುದ್ರಣಗಳಿಗೂ ಆ ತಂತ್ರ ಒದಗುತ್ತದೆ.

ಟೇಪು ಇದೆ ಎಂಬ ಭರವಸೆಯೂ ಗಟ್ಟಿಯಲ್ಲ. ಅಮೆರಿಕದ ಯೂನಿವರ್ಸಲ್ ಸ್ಟುಡಿಯೋದಲ್ಲಿ 2008ರಲ್ಲಿ ಬೆಂಕಿ ಬಿದ್ದು ಅಪಾರ ಸಂಖ್ಯೆಯ ಮೂಲ ಟೇಪುಗಳು ಸುಟ್ಟ ಸಂಗತಿ ಪತ್ರಿಕೆಯೊಂದರ ವರದಿಯಿಂದ ಲೋಕಕ್ಕೆ ವಿವರವಾಗಿ ತಿಳಿದದ್ದು ಹನ್ನೊಂದು ವರ್ಷದ ಮೇಲೆ. ಅಷ್ಟು ದೊಡ್ಡ ಕಂಪನಿಯ ಹಣೆಬರಹ ಅದಾದರೆ, ಬೆಂಗಳೂರಿನ ಮಳೆಗಾಲ ಕಂಡ ಗೋದಾಮುಗಳ ಪಾಡು ಊಹಿಸಿಕೊಳ್ಳಬಹುದು.

ಇಷ್ಟೆಲ್ಲ ತಲೆನೋವು ಒಂದು ಹಳೆಯ ಹಾಡಿಗೆ ಬೇಕೇ ಎಂದು ಕೇಳುವವರಿಗೆ ನಾಡಗೀತೆಯ ವ್ಯಾಜ್ಯ ನೆನಪಿಸಬೇಕು. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಅದನ್ನು ಯಾವ ಧಾಟಿಯಲ್ಲಿ ಹಾಡಬೇಕು ಎಂಬುದು ಮಾತ್ರ ವರ್ಷಗಟ್ಟಲೆ ಜಗ್ಗಾಡಿತು. ಅನಂತಸ್ವಾಮಿಯವರದು ಒಂದು, ಅಶ್ವತ್ಥರದು ಇನ್ನೊಂದು. ಸಮಿತಿಗಳ ಮೇಲೆ ಸಮಿತಿ ಕೂತವು. ಕೊನೆಗೆ ಎಚ್.ಆರ್. ಲೀಲಾವತಿ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಆದೇಶಿಸಿತು. ಅಶ್ವತ್ಥರ ಶಿಷ್ಯ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು. ನ್ಯಾಯಾಲಯದ ಸಭಾಂಗಣದಲ್ಲೇ ಹಾಡಿ ತೋರಿಸಿದರು. ಅರ್ಜಿ 2024ರಲ್ಲಿ ವಜಾ ಆಯಿತು. ಯಾವ ಧಾಟಿ ಮೇಲು ಎಂಬ ಪಂಚಾಯ್ತಿ ಇಲ್ಲಿ ಬೇಡ. ಆದರೆ ಇಬ್ಬರು ಸಂಯೋಜಕರೂ ಈ ಗೀತೆಯನ್ನು ಮೊದಲು ಯಾವಾಗ, ಎಷ್ಟು ಚರಣ, ಹೇಗೆ ಹಾಡಿಸಿದ್ದರು ಎಂಬುದರ ಧ್ವನಿಮುದ್ರಣಗಳು ದಿನಾಂಕ ಸಹಿತ ಎಲ್ಲರ ಕೈಗೂ ಸಿಗುವಂತಿದ್ದರೆ ಅಷ್ಟು ಸಮಿತಿಗಳ ಭತ್ಯೆಯಾದರೂ ಉಳಿಯುತ್ತಿತ್ತು.

ಪಠ್ಯದ ವಿಚಾರದಲ್ಲಿ ಕನ್ನಡಿಗರು ಇಷ್ಟು ಅಸಡ್ಡೆಯವರಲ್ಲ ಎಂಬುದೇ ಸೋಜಿಗ. ಪಂಪನ ಒಂದು ಪದ್ಯಕ್ಕೆ ಓಲೆಗರಿಗಳನ್ನು ಹರವಿ, ಈ ಪ್ರತಿಯಲ್ಲಿ ಹೀಗಿದೆ, ಆ ಪ್ರತಿಯಲ್ಲಿ ಹಾಗಿದೆ ಎಂದು ಅಡಿಟಿಪ್ಪಣಿ ಬರೆದ ಪರಂಪರೆ ನಮ್ಮದು. ಡಿ.ಎಲ್. ನರಸಿಂಹಾಚಾರ್ ‘ಕನ್ನಡ ಗ್ರಂಥಸಂಪಾದನೆ’ ಎಂದು ಆ ಶಾಸ್ತ್ರಕ್ಕೇ ಒಂದು ಗ್ರಂಥ ಬರೆದರು. ಕುಮಾರವ್ಯಾಸನ ಭಾರತವನ್ನು ಕುವೆಂಪು, ಮಾಸ್ತಿ ಇಬ್ಬರೂ ಕೂತು ಸಂಪಾದಿಸಿ ಜನಸಾಮಾನ್ಯರ ಕೈಗೆ ಕೊಟ್ಟರು. ಒಳ್ಳೆಯ ಡೀಲಕ್ಸ್ ಆವೃತ್ತಿ ಮಾಡುವುದೂ ಇದನ್ನೇ: ಪಾಠಾಂತರಗಳನ್ನು ಕೂಡಿಸಿ, ಕಾಲ ಗುರುತಿಸಿ, ಕರ್ತೃಗಳನ್ನು ಹೆಸರಿಸುವುದು. ಕವಿಯ ಸಮಗ್ರ ಸಂಪುಟಕ್ಕೆ ಪ್ರಾಧಿಕಾರ, ಅಕಾಡೆಮಿ, ವಿಶ್ವವಿದ್ಯಾಲಯ ಎಲ್ಲ ಮುಂದೆ ಬರುತ್ತವೆ. ಸಂಯೋಜಕನ ಸಮಗ್ರ ಸಂಪುಟ ಎಂಬ ಕಲ್ಪನೆಯೇ ಇನ್ನೂ ಹುಟ್ಟಿಲ್ಲ.

ಹಾಗೆ ಹುಟ್ಟಿದರೆ ನಿತ್ಯೋತ್ಸವದ ಐವತ್ತರ ಆವೃತ್ತಿಯಲ್ಲಿ ಏನಿರಬೇಕು? ಮೂಲ ಮುದ್ರಣ ಇದ್ದ ಹಾಗೇ, ಸರಿಯಾದ ಶ್ರುತಿಯಲ್ಲಿ. ಸಿಕ್ಕಿದರೆ ತಾಲೀಮಿನ ಟೇಪು, ಆಕಾಶವಾಣಿಗೆಂದು ಹಾಡಿದ ಪ್ರತ್ಯೇಕ ಆವೃತ್ತಿ, ನಿಸಾರರದೇ ದನಿಯಲ್ಲಿ ಕವಿತೆಯ ವಾಚನ. ಹಾಡಿನಲ್ಲಿ ಕೈಬಿಟ್ಟ ಚರಣಗಳೂ ಸೇರಿ ಪೂರ್ತಿ ಕವಿತೆಗಳು. ಸ್ವರಲಿಪಿ. ಎಲ್ಲಕ್ಕಿಂತ ಮೊದಲು ವಾದ್ಯದವರ ಪಟ್ಟಿ. ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್, ಬಿ.ಕೆ. ಸುಮಿತ್ರಾ ಎಂಬ ಹೆಸರುಗಳು ಕೇಳುಗರಿಗೆ ಗೊತ್ತು. ಅವರ ಹಿಂದೆ ಕೂತು ಆಲ್ಬಮ್ಮುಗಳ ಮೇಲೆ ಆಲ್ಬಮ್ಮಿಗೆ ನುಡಿಸಿದವರ ಗುರುತು ಕ್ಯಾಸೆಟ್ಟು ಅಂಗಡಿಗಳ ಜೊತೆಗೇ ಮಾಯವಾಯಿತು. ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಸುಬ್ಬಣ್ಣ 2022ರಲ್ಲಿ ತೀರಿಕೊಂಡರು. ಆ ಪೀಳಿಗೆಯಲ್ಲಿ ಉಳಿದಿರುವವರಿಗೆ ಒಂದು ಹಾಡು ಹಾಕಿ, ‘ಈ ಕೊಳಲು ಯಾರದು ಹೇಳಿ ಸಾರ್’ ಎಂದು ಕೇಳಿ ಬರೆದುಕೊಳ್ಳಲು ಕೋಟಿ ಬೇಕಿಲ್ಲ.

ಬೇಡದ್ದನ್ನೂ ಹೇಳಿಬಿಡಬೇಕು. ಹಳೆಯ ದನಿಯ ಕೆಳಗೆ ಹೊಸ ಡ್ರಮ್ಸ್ ಬೇಡ. ಗುಹೆಯೊಳಗೆ ಹಾಡಿದಂತೆ ಪ್ರತಿಧ್ವನಿ ತುಂಬಿ ‘ರೀಮಾಸ್ಟರ್ಡ್’ ಎಂದು ಹಣೆಪಟ್ಟಿ ಹಚ್ಚುವುದು ಬೇಡ. ಟೇಪಿನ ಸೂಂ ಸದ್ದನ್ನು ಒರೆಸುವ ಭರದಲ್ಲಿ ತಂಬೂರಿಯನ್ನೂ ಒರೆಸುವುದು ಬೇಡ. ಹೊಸ ಕಾಲದವರು ಹೊಸದಾಗಿಯೇ ಹಾಡಲಿ. ಮೈಸೂರಿನ ರಘು ದೀಕ್ಷಿತ್ ಶರೀಫರ ತತ್ವಪದವನ್ನು ಗಿಟಾರಿಗೆ ಕೂರಿಸಿ ಹೊರದೇಶದ ವೇದಿಕೆಯಲ್ಲಿ ಕುಣಿದಾಗ ಯಾರ ಗಂಟೂ ಹೋಗಲಿಲ್ಲ, ಎಷ್ಟೋ ಹುಡುಗರು ಆ ದಾರಿಯಲ್ಲೇ ಹಿಂದಕ್ಕೆ ನಡೆದು ಅಶ್ವತ್ಥರನ್ನು ಮುಟ್ಟಿದರು. ಹತ್ತಾರು ಸಾವಿರ ರೂಪಾಯಿಯ ಪೆಟ್ಟಿಗೆಯೂ ಬೇಡ. ನಾಗಮಂಗಲದ ಮೇಷ್ಟ್ರೊಬ್ಬರು ಕೊಳ್ಳಬಲ್ಲ ಬೆಲೆಗೆ ಒಂದು ಪುಸ್ತಕ, ಅದರೊಳಗೆ ಹಾಡುಗಳಿಗೆ ಕ್ಯೂಆರ್ ಕೋಡ್ ಇದ್ದರೆ ಧಾರಾಳವಾಯಿತು.

ದಾರಿಗೆ ಅಡ್ಡ ಇರುವುದು ದುಡ್ಡಿಗಿಂತ ಹೆಚ್ಚಾಗಿ ಹಕ್ಕಿನ ಗೋಜಲು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ವರ್ಷದ ಮುಂದಿನ ವರ್ಷದಿಂದ ಅರವತ್ತು ವರ್ಷ. ಕವಿತೆಯ ಹಕ್ಕು ಕವಿ ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ. ಯೂರೋಪಿನಲ್ಲಿ ಬಿಡುಗಡೆಯಾಗದ ಟೇಪಿನ ಹಕ್ಕು ಐವತ್ತು ವರ್ಷಕ್ಕೆ ಕೈತಪ್ಪುತ್ತದೆ ಎಂಬ ಭಯಕ್ಕೆ ಡಿಲನ್ ಕಂಪನಿಯವರು 2012ರಲ್ಲಿ ಬರೀ ನೂರು ಪ್ರತಿಯಷ್ಟು ಮುದ್ರಿಸಿ ‘ಬಿಡುಗಡೆ’ ಶಾಸ್ತ್ರ ಮುಗಿಸಿದ್ದರು. ಇಲ್ಲಿ ಕಂಪನಿಗಳಿಗೆ ಅಂಥ ಕುತ್ತಿಗೆಪಟ್ಟಿಯೇನೂ ಬಿಗಿದಿಲ್ಲ, ಹಾಗಾಗಿ ಅವಸರವೂ ಇಲ್ಲ. ಇದ್ದುದರಲ್ಲಿ ಬಾಗಿಲು ತೆರೆದಿರುವುದು ಅಶ್ವತ್ಥರಿಗೂ ಅನಂತಸ್ವಾಮಿಯವರಿಗೂ ಹಿಂದಿನವರಾದ ಪಿ. ಕಾಳಿಂಗರಾವ್ ಕಡೆ. ಮೋಹನಕುಮಾರಿ, ಸೋಹನಕುಮಾರಿ ಜೊತೆ ಅವರು ಹಾಡಿದ ಗ್ರಾಮಫೋನ್ ತಟ್ಟೆಗಳಲ್ಲಿ 1964ರವರೆಗೆ ಹೊರಬಂದವು ಧ್ವನಿಯ ಹಕ್ಕಿನ ಮಟ್ಟಿಗೆ ಈಗ ಯಾರ ಸೊತ್ತೂ ಅಲ್ಲ. ಅವುಗಳಲ್ಲೂ ಬೇಂದ್ರೆಯವರ ಮಾತಿದ್ದರೆ 2041 ಮುಗಿಯುವವರೆಗೆ ಅನುಮತಿ ಬೇಕು. ವಚನ, ದಾಸರ ಪದ, ಜನಪದ ಗೀತೆಯ ತಟ್ಟೆಯಾದರೆ ಮಾತಿಗೆ ಆ ಅನುಮತಿಯೂ ಬೇಡ. ಮಂಡ್ಯ ಜಿಲ್ಲೆಯ ಯಾವುದಾದರೂ ಕಾಲೇಜಿನ ಕನ್ನಡ ವಿಭಾಗ ಮನಸ್ಸು ಮಾಡಿದರೆ, ತಟ್ಟೆ ಕೂಡಿಟ್ಟವರನ್ನು ಹುಡುಕಿ, ಈ ವರ್ಷವೇ ಒಂದು ಪುಟ್ಟ ಸಂಪುಟ ಮಾಡಿ ಕೈ ಪಳಗಿಸಿಕೊಳ್ಳಬಹುದು. ನಿತ್ಯೋತ್ಸವಕ್ಕೆ ಮಾತ್ರ ಕಂಪನಿಯ ಬಾಗಿಲು ತಟ್ಟಲೇಬೇಕು. ಅದರ ಧ್ವನಿಯ ಹಕ್ಕು 2038ರ ಡಿಸೆಂಬರ್ ಕೊನೆಯವರೆಗೂ ಇರುತ್ತದೆ.